ಹಿಡಿ ಅಕ್ಕಿಯಿಂದ ನಡೆದ ಶಾಲೆ: ಸಂತ ಕುರಿಯಾಕೋಸ್ ಏಲಿಯಾಸ್ ಚಾವರರ ಜೀವನ ಚರಿತ್ರೆ



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ದೇವಾಲಯದ ಕಟ್ಟಡ, ಗಂಟೆಗೋಪುರ, ಪೀಠ ಇವುಗಳ ಚರಿತ್ರೆಯನ್ನೇ ನಾವು ಬರೆಯುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಮಾಡಿದ್ದಾರೆ. ದೇವಾಲಯದ ಮಗ್ಗುಲಲ್ಲಿರುವ ಚಿಕ್ಕ ಹೆಂಚಿನ ಕಟ್ಟಡದ, ಅಂದರೆ ನಮ್ಮ ಶಾಲೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳುವುದು ನಮ್ಮ ಉದ್ದೇಶ. ಆದರೆ ಅದನ್ನು ಒಬ್ಬ ಸಂತರ ಜೀವನ ಚರಿತ್ರೆಯ ಮೂಲಕ ಹೇಳಲಿದ್ದೇವೆ.

ಈ ವಿಚಾರವನ್ನು ಈಗಲೇ ಎತ್ತುವುದಕ್ಕೆ ಕಾರಣವಿದೆ. ಕಳೆದ ವರ್ಷ ಪಾಲನಾ ಮಂಡಳಿಯ ಸಭೆಯಲ್ಲಿ ಒಂದು ಪ್ರಶ್ನೆ ಬಂದದ್ದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ವರ್ಷದಿಂದ ವರ್ಷಕ್ಕೆ ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗ, ಪೇಟೆಯ ದೊಡ್ಡ ಶಾಲೆಗಳ ಬಸ್ಸುಗಳು ತೋಟದ ಗೇಟಿನವರೆಗೂ ಬರುತ್ತಿರುವಾಗ, ಈ ಚಿಕ್ಕ ಶಾಲೆಯನ್ನು ಇನ್ನೂ ನಡೆಸಬೇಕೇ, ಅಥವಾ ಗೌರವದಿಂದ ಮುಚ್ಚಿಬಿಡಬೇಕೇ ಎಂಬುದೇ ಆ ಪ್ರಶ್ನೆ. ಸಭೆ ಉತ್ತರ ಕಾಣದೆ ಮುಗಿಯಿತು. ಉತ್ಸವದ ತೋರಣಗಳನ್ನು ಇಳಿಸಿದ ಮೇಲೆ ಅದೇ ಪ್ರಶ್ನೆ ಮತ್ತೆ ನಮ್ಮೆದುರು ಬಂದು ನಿಲ್ಲಲಿದೆ.

ಈ ಪ್ರಶ್ನೆಯನ್ನು ದೇವರ ಮುಂದಿಟ್ಟು ಪ್ರಾರ್ಥಿಸುತ್ತಿದ್ದ ದಿನಗಳಲ್ಲಿ ನಮ್ಮ ಮನಸ್ಸಿಗೆ ಮತ್ತೆ ಮತ್ತೆ ಬಂದವರು ಸಂತ ಕುರಿಯಾಕೋಸ್ ಏಲಿಯಾಸ್ ಚಾವರರು. ಕುಟ್ಟ, ಮಾಕುಟ್ಟಗಳ ಗಡಿಯನ್ನು ದಾಟಿದರೆ ಕೇರಳ. ಅಲ್ಲಿಂದ ಬಂದು ನಮ್ಮಲ್ಲಿ ನೆಲೆಸಿರುವ ಕುಟುಂಬಗಳ ಮನೆಗಳಲ್ಲಿ ಗಡ್ಡಧಾರಿಗಳಾದ ಈ ಸಂತರ ಪಟವನ್ನು ನೋಡಿದ್ದೇವೆ. ಕೊಂಕಣಿ, ತಮಿಳು, ಕನ್ನಡ ಮನೆಮಾತಿನ ನಮ್ಮ ಇತರ ಕುಟುಂಬಗಳಿಗೆ ಅವರ ಹೆಸರು ಪರಿಚಿತವಾಗಿದ್ದರೂ ಚರಿತ್ರೆ ಅಷ್ಟಾಗಿ ತಿಳಿಯದು. ದೇವಾಲಯ, ಶಾಲೆ, ಮನೆ ಈ ಮೂರನ್ನೂ ಒಂದೇ ಹಗ್ಗದ ಮೂರು ಎಳೆಗಳಂತೆ ಹೊಸೆದವರು ಅವರು. ಆದುದರಿಂದ ಅವರ ಜೀವನವನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ತಾಯಿಯ ಮಡಿಲು, ಊರಿನ ಕಳರಿ

ಕೇರಳದ ಕುಟ್ಟನಾಡು ಹಿನ್ನೀರಿನ ನಾಡು. ಅಲ್ಲಿ ಸಮುದ್ರ ಮಟ್ಟಕ್ಕಿಂತ ತಗ್ಗಾದ ನೆಲದಲ್ಲಿ ಏರಿ ಕಟ್ಟಿ ಭತ್ತ ಬೆಳೆಯುತ್ತಾರೆ. ಮನೆಯಿಂದ ಮನೆಗೆ ದೋಣಿಯಲ್ಲಿ ಹೋಗುತ್ತಾರೆ. ಆ ನಾಡಿನ ಕೈನಕರಿ ಎಂಬ ಗ್ರಾಮದಲ್ಲಿ 1805ನೆಯ ಇಸವಿ ಫೆಬ್ರುವರಿ 10ರಂದು ಕುರಿಯಾಕೋಸರು ಜನಿಸಿದರು. ತಂದೆಯ ಹೆಸರೂ ಕುರಿಯಾಕೋಸ್, ತಾಯಿ ಮರಿಯಂ. ಸುರಿಯಾನಿ ಕಥೋಲಿಕ ಸಂಪ್ರದಾಯದ ಈ ಕುಟುಂಬ ಸಿರಿವಂತಿಕೆಗಿಂತ ದೈವಭಕ್ತಿಗೆ ಹೆಸರಾಗಿತ್ತು. ಮಗುವಿಗೆ ಚೆನ್ನಂಕರಿಯ ದೇವಾಲಯದಲ್ಲಿ ದೀಕ್ಷಾಸ್ನಾನವಾಯಿತು. ಮುಂದೆ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದಲ್ಲಿ, ತಾಯಿ ಮಗುವನ್ನು ವೆಚ್ಚೂರಿನ ದೇವಾಲಯಕ್ಕೆ ಒಯ್ದು ದೇವಮಾತೆಯ ಪಾದಕ್ಕೆ ಅರ್ಪಿಸಿದರು.

ಚಾವರರು ವೃದ್ಧಾಪ್ಯದಲ್ಲಿ ಬರೆದ ಆತ್ಮಾನುತಾಪಂ ಎಂಬ ಕಾವ್ಯದಲ್ಲಿ ತಮ್ಮ ತಾಯಿಯನ್ನು ಸ್ಮರಿಸಿದ್ದಾರೆ. ರಾತ್ರಿಯ ಹೊತ್ತು ತಾಯಿ ಎದ್ದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಮಗ ಅವರ ಬಳಿಯಲ್ಲಿ ಕುಳಿತು ಪವಿತ್ರ ನಾಮಗಳನ್ನೂ ರಕ್ಷಣೆಯ ಕಥೆಯನ್ನೂ ಕೇಳಿ ಕಲಿಯುತ್ತಿದ್ದನು. ಮುಂದೆ ಅನೇಕ ಭಾಷೆಗಳನ್ನು ಕಲಿತು ಪಂಡಿತರೆನಿಸಿಕೊಂಡ ಈ ಮಹನೀಯರಿಗೆ ಮೊದಲ ಗುರುಪೀಠ ತಾಯಿಯ ಮಡಿಲಾಗಿತ್ತು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಐದನೆಯ ವಯಸ್ಸಿನಿಂದ ಹತ್ತನೆಯ ವಯಸ್ಸಿನವರೆಗೆ ಅವರು ಊರಿನ ಕಳರಿಯಲ್ಲಿ ಓದಿದರು. ಕಳರಿ ಎಂದರೆ ನಮ್ಮ ಹಳೆಯ ಕೂಲಿ ಮಠದಂತಹ ಪಾಠಶಾಲೆ. ಅಲ್ಲಿಯ ಉಪಾಧ್ಯಾಯರನ್ನು ಆಶಾನ್ ಎಂದು ಕರೆಯುತ್ತಿದ್ದರು. ಅವರು ಹಿಂದೂ ಧರ್ಮದವರು. ಕ್ರೈಸ್ತ ಬಾಲಕ ಹಿಂದೂ ಗುರುವಿನ ಮುಂದೆ ಕುಳಿತು ಅಕ್ಷರ ಕಲಿತನು. ವಿದ್ಯೆ ಯಾರ ಮನೆಯ ಸೊತ್ತೂ ಅಲ್ಲವೆಂಬ ಪಾಠ ಅವರಿಗೆ ಅಲ್ಲಿಯೇ ಆಗಿರಬೇಕೆಂದು ನಮಗೆ ತೋರುತ್ತದೆ.

ಮನೆಯ ಕರೆ, ದೇವರ ಕರೆ

1818ರಲ್ಲಿ ಬಾಲಕನು ಪಳ್ಳಿಪ್ಪುರದ ಗುರುಮಠವನ್ನು ಸೇರಿದನು. ಅಲ್ಲಿಯ ಮಲ್ಪಾನರು, ಎಂದರೆ ಪ್ರಧಾನ ಗುರುಗಳು, ಪಾಲಕ್ಕಲ್ ತೋಮಾ ಸ್ವಾಮಿಗಳು. ಅವರು ಕಟ್ಟುನಿಟ್ಟಿನವರು, ತಪಸ್ವಿಗಳು. ಅವರ ಬಳಿ ವಿದ್ಯಾರ್ಥಿ ಸುರಿಯಾನಿ ಭಾಷೆಯನ್ನೂ ಧರ್ಮಶಾಸ್ತ್ರವನ್ನೂ ಅಭ್ಯಾಸ ಮಾಡುತ್ತಿದ್ದಾಗ ಮನೆಯಿಂದ ಸಿಡಿಲಿನಂತಹ ಸುದ್ದಿ ಬಂದಿತು. ಊರಿಗೆ ತಗುಲಿದ ಸಾಂಕ್ರಾಮಿಕ ರೋಗದಲ್ಲಿ ತಂದೆ, ತಾಯಿ, ಒಬ್ಬನೇ ಅಣ್ಣ ಮೂವರೂ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ಅಣ್ಣನ ವಿಧವೆ ಮತ್ತು ಒಂದು ಹೆಣ್ಣು ಮಗು. ವಂಶವನ್ನು ಉಳಿಸಲು, ಆಸ್ತಿಯನ್ನು ನೋಡಿಕೊಳ್ಳಲು ನೀನು ಹಿಂದಿರುಗಲೇಬೇಕೆಂದು ಬಂಧುಗಳು ಒತ್ತಾಯಿಸಿದರು.

ಇದು ಸಾಮಾನ್ಯ ಪರೀಕ್ಷೆಯಲ್ಲ. ದೇವರು ಕರೆದರೆಂದು ಹೇಳಿ ನಿರಾಶ್ರಿತರಾದ ಹೆಂಗಸು ಮಗುವನ್ನು ಕೈಬಿಟ್ಟು ಹೋಗುವುದು ಧರ್ಮವೇ? ಮನೆಯ ನೆಪದಿಂದ ದೇವರ ಕರೆಯನ್ನು ತಳ್ಳುವುದು ಧರ್ಮವೇ? ಯುವಕ ಎರಡನ್ನೂ ಮಾಡಲಿಲ್ಲ. ತನ್ನ ಅಕ್ಕನನ್ನೂ ಭಾವನನ್ನೂ ಒಪ್ಪಿಸಿ, ಅವರು ಬಂದು ಆ ಮನೆಯಲ್ಲಿ ನಿಂತು ಅದರ ಭಾರವನ್ನು ವಹಿಸುವಂತೆ ಏರ್ಪಾಡು ಮಾಡಿದ ಮೇಲೆ ಗುರುಮಠಕ್ಕೆ ಹಿಂದಿರುಗಿದರು. ಮುಂದೆ ಕುಟುಂಬಗಳಿಗೆ ಬುದ್ಧಿ ಹೇಳಿದ ಈ ಸಂತರು ಕುಟುಂಬದ ಕಷ್ಟವನ್ನು ಪುಸ್ತಕದಿಂದ ತಿಳಿದವರಲ್ಲ.

1829ರ ನವೆಂಬರ್ 29ರಂದು ಅರ್ತುಂಕಲ್ ದೇವಾಲಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಚೆನ್ನಂಕರಿಯಲ್ಲಿ ಪ್ರಥಮ ಬಲಿಪೂಜೆಯನ್ನು ಅರ್ಪಿಸಿದಾಗ ಅವರ ವಿಶೇಷ ಬೇಡಿಕೆ, ತಮ್ಮ ನಾಡಿನಲ್ಲಿ ಒಂದು ಸನ್ಯಾಸಿ ಮಠ ಹುಟ್ಟಲಿ ಎಂಬುದಾಗಿತ್ತು. ಈ ಆಸೆಯನ್ನು ಮೊದಲು ಕಂಡವರು ಪಾಲಕ್ಕಲ್ ಸ್ವಾಮಿಗಳು ಮತ್ತು ಪೋರುಕರ ತೋಮಾ ಸ್ವಾಮಿಗಳು. ಚಾವರರು ಅವರಿಬ್ಬರ ಕೈಗೆ ಕೈ ಸೇರಿಸಿದರು. 1831ರ ಮೇ 11ರಂದು ಕೋಟ್ಟಯಂ ಬಳಿಯ ಮಾನ್ನಾನಂ ಎಂಬ ಗುಡ್ಡದ ಮೇಲೆ ಮಠಕ್ಕೆ ಅಡಿಗಲ್ಲು ಬಿದ್ದಿತು. 1841ರಲ್ಲಿ ಪಾಲಕ್ಕಲ್ ಸ್ವಾಮಿಗಳೂ 1846ರಲ್ಲಿ ಪೋರುಕರ ಸ್ವಾಮಿಗಳೂ ದೈವಾಧೀನರಾದ ಮೇಲೆ ಇಡೀ ಭಾರ ಚಾವರರ ಹೆಗಲಿಗೆ ಬಂದಿತು. 1855ರ ಡಿಸೆಂಬರ್ 8ರಂದು ಅವರೂ ಹತ್ತು ಮಂದಿ ಸಂಗಡಿಗರೂ ವ್ರತಗಳನ್ನು ಸ್ವೀಕರಿಸಿದರು. ಇದೇ ಇಂದಿನ ಸಿ.ಎಂ.ಐ. ಸಂಸ್ಥೆ. ಆ ದಿನ ಅವರು ತೆಗೆದುಕೊಂಡ ಹೆಸರು ಪವಿತ್ರ ಕುಟುಂಬದ ಕುರಿಯಾಕೋಸ್ ಏಲಿಯಾಸ್. ಸ್ವಂತ ಕುಟುಂಬವನ್ನು ಕಳೆದುಕೊಂಡವರು ನಜರೇತಿನ ಕುಟುಂಬವನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು.

ಗುಡ್ಡದ ಮೇಲಿನ ಪಾಠಶಾಲೆ

1846ರಲ್ಲಿ ಮಾನ್ನಾನಂ ಗುಡ್ಡದ ಮೇಲೆ ಎರಡು ಕೆಲಸಗಳು ಆರಂಭವಾದವು. ಒಂದು ಸಂಸ್ಕೃತ ಪಾಠಶಾಲೆ, ಇನ್ನೊಂದು ಮುದ್ರಣಾಲಯ.

ಅಂದಿನ ತಿರುವಾಂಕೂರಿನಲ್ಲಿ ಸಂಸ್ಕೃತ ಮೇಲ್ಜಾತಿಯವರ ಮನೆಯೊಳಗಿನ ವಿದ್ಯೆ. ಚಾವರರು ತ್ರಿಶ್ಶೂರಿನಿಂದ ಒಬ್ಬ ವಾರಿಯರ್ ಪಂಡಿತರನ್ನು ಕರೆತಂದು ಮಠದ ಆಶ್ರಯದಲ್ಲಿ ಪಾಠ ಹೇಳಿಸಿದರು. ಜಾತಿ ನೋಡದೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರು. ತಾವೂ ಶಿಷ್ಯರ ಜೊತೆಯಲ್ಲಿ ಕುಳಿತು ಕಲಿತರು. ಮುದ್ರಣಾಲಯದ ಕಥೆ ಇನ್ನೂ ಸ್ವಾರಸ್ಯವಾದುದು. ಯಂತ್ರ ಕೊಳ್ಳಲು ಹಣವಿಲ್ಲ. ತಿರುವನಂತಪುರದ ಸರ್ಕಾರಿ ಮುದ್ರಣಾಲಯವನ್ನು ನೋಡಿ ಬಂದು, ಬಾಳೆಯ ದಿಂಡಿನಲ್ಲಿ ಅದರ ಮಾದರಿಯನ್ನು ಮಾಡಿ ಊರಿನ ಬಡಗಿಗೆ ತೋರಿಸಿ, ಮರದ ಯಂತ್ರವನ್ನು ಮಾಡಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಅದೇ ವರ್ಷ ಜ್ಞಾನಪೀಯೂಷಂ ಎಂಬ ಪ್ರಾರ್ಥನಾ ಗ್ರಂಥ ಅಲ್ಲಿಂದ ಹೊರಬಂದಿತು. 1887ರಲ್ಲಿ ನಸ್ರಾಣಿ ದೀಪಿಕ ಪತ್ರಿಕೆ ಹುಟ್ಟಿದ್ದೂ ಅದೇ ಮುದ್ರಣಾಲಯದಲ್ಲಿ. ಶಾಲೆಯಲ್ಲಿ ಅಕ್ಷರ ಕಲಿತವನಿಗೆ ಮನೆಯಲ್ಲಿ ಓದಲು ಪುಸ್ತಕ ಬೇಡವೇ? ಆದುದರಿಂದ ಎರಡೂ ಕೆಲಸಗಳು ಒಟ್ಟಿಗೆ ನಡೆದವು.

ತಿರುವಾಂಕೂರಿನಲ್ಲಿ 1855ರವರೆಗೆ ಗುಲಾಮಗಿರಿ ಕಾನೂನಿನಂತೆಯೇ ಇತ್ತು. ಅದು ರದ್ದಾದ ಮೇಲೂ ಗದ್ದೆಯಲ್ಲಿ ದುಡಿಯುವ ಪುಲಯರು ಹಾದಿಯಲ್ಲಿ ನಡೆಯುವುದಕ್ಕೂ ಅಂಜಬೇಕಾಗಿತ್ತು. ಅವರ ಮಕ್ಕಳಿಗೆ ಅಕ್ಷರ ಎಲ್ಲಿಯ ಮಾತು? ಚಾವರರು ಮಾನ್ನಾನಂನಲ್ಲಿಯೂ ಪಕ್ಕದ ಆರ್ಪೂಕರದಲ್ಲಿಯೂ ಆ ಮಕ್ಕಳಿಗಾಗಿ ಶಾಲೆ ತೆರೆದರು.

ಹಿಡಿ ಅಕ್ಕಿ

ಶಾಲೆ ತೆರೆದರೆ ಮಕ್ಕಳು ಬರುವರೆಂದು ತಿಳಿಯುವುದು ತಪ್ಪು. ಈ ಅನುಭವ ಚಾವರರಿಗೂ ಆಯಿತು. ಬಡವರ ಮಗ ಶಾಲೆಗೆ ಬಂದರೆ ಆ ದಿನದ ಕೂಲಿ ತಪ್ಪುತ್ತದೆ. ಕೂಲಿ ತಪ್ಪಿದರೆ ಗಂಜಿ ತಪ್ಪುತ್ತದೆ. ಹಸಿದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ. ಹೀಗಾಗಿ ಮಧ್ಯಾಹ್ನದ ಊಟವನ್ನೂ ಬಟ್ಟೆಯನ್ನೂ ಪುಸ್ತಕವನ್ನೂ ಶಾಲೆಯೇ ಒದಗಿಸಬೇಕಾಯಿತು. ಅದಕ್ಕೆ ಹಣವೆಲ್ಲಿ? ಸರ್ಕಾರದ ಸಹಾಯಧನವಿರಲಿಲ್ಲ. ಮಠಕ್ಕೆ ದೊಡ್ಡ ಆಸ್ತಿಯೂ ಇರಲಿಲ್ಲ.

ಅವರು ಕಂಡುಕೊಂಡ ದಾರಿ ಪಿಡಿಯರಿ. ಹಳಗನ್ನಡದ ಪಿಡಿ ನಮ್ಮ ಹಿಡಿಯಾದಂತೆ, ಪಿಡಿಯರಿ ಎಂದರೆ ಹಿಡಿ ಅಕ್ಕಿ. ಪ್ರತಿ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಗೃಹಿಣಿ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಹಾಕಬೇಕು. ಕೂಡಿದ ಅಕ್ಕಿಯನ್ನು ವಾರಕ್ಕೊಮ್ಮೆ ದೇವಾಲಯಕ್ಕೆ ತಲುಪಿಸಬೇಕು. ಅಲ್ಲಿಂದ ಅದು ಶಾಲೆಯ ಒಲೆಗೆ ಹೋಗುತ್ತದೆ. ಏರ್ಪಾಡು ಇಷ್ಟೇ. ಒಂದು ಹಿಡಿ ಕಡಿಮೆಯಾದರೆ ಯಾವ ಮನೆಯೂ ಉಪವಾಸ ಬೀಳುವುದಿಲ್ಲ; ನೂರು ಮನೆಗಳ ಹಿಡಿ ಸೇರಿದರೆ ಒಂದು ಶಾಲೆಯ ಮಕ್ಕಳು ಉಣ್ಣುತ್ತಾರೆ.

ಇದರ ಮರ್ಮವನ್ನು ನಾವು ಬಹುಕಾಲ ಹಣಕಾಸಿನ ದೃಷ್ಟಿಯಿಂದಲೇ ನೋಡಿದ್ದೆವು. ಈಗ ಬೇರೆ ರೀತಿಯಾಗಿ ಕಾಣುತ್ತದೆ. ಚಾವರರು ಶ್ರೀಮಂತರೊಬ್ಬರಿಂದ ವರ್ಷಕ್ಕೊಮ್ಮೆ ಮೂಟೆಗಟ್ಟಲೆ ಅಕ್ಕಿ ಪಡೆದಿದ್ದರೆ ಮಕ್ಕಳ ಹೊಟ್ಟೆ ತುಂಬುತ್ತಿತ್ತು. ಆದರೆ ಮನೆಗಳು ಶಾಲೆಯನ್ನು ಮರೆಯುತ್ತಿದ್ದವು. ಹಿಡಿ ಅಕ್ಕಿಯ ಕಟ್ಟಳೆಯಿಂದ ಪ್ರತಿ ತಾಯಿಯೂ ಅಡುಗೆಯ ಹೊತ್ತಿನಲ್ಲಿ ಒಮ್ಮೆ ಶಾಲೆಯನ್ನು ನೆನೆಯಬೇಕಾಗಿತ್ತು. ತನ್ನ ಮಗುವನ್ನು ಮಾತ್ರವಲ್ಲ, ತಾನು ಕಾಣದ ಇನ್ನೊಬ್ಬಳ ಮಗುವನ್ನೂ ನೆನೆಯಬೇಕಾಗಿತ್ತು. ಯಾವ ಶಾಲೆಯನ್ನು ಊರಿನ ತಾಯಂದಿರು ದಿನವೂ ನೆನೆಯುವರೋ ಆ ಶಾಲೆಯನ್ನು ಮುಚ್ಚುವುದು ಯಾರಿಂದ ಸಾಧ್ಯ?

ದೇವಾಲಯದ ಜೊತೆಗೊಂದು ಶಾಲೆ

1861ರಲ್ಲಿ ಚಾವರರು ಸುರಿಯಾನಿ ಕಥೋಲಿಕರ ಶ್ರೇಷ್ಠಗುರುಗಳಾಗಿ ನೇಮಕಗೊಂಡರು. ಅದು ಧರ್ಮಸಭೆಗೆ ಕಷ್ಟದ ಕಾಲ. ಹೊರಗಿನಿಂದ ಬಂದ ರೋಕೋಸ್ ಎಂಬ ಮೇಲ್ಪಟ್ಟದವರು ಅನೇಕ ದೇವಾಲಯಗಳನ್ನು ತಮ್ಮ ಕಡೆಗೆ ಸೆಳೆದುಕೊಂಡಿದ್ದರು. ಊರೂರು ತಿರುಗಿ, ಪತ್ರಗಳನ್ನು ಬರೆದು, ಒಡೆದ ಧರ್ಮಕೇಂದ್ರಗಳನ್ನು ಚಾವರರು ಐಕ್ಯಕ್ಕೆ ತಂದರು. ಬಿರುಕನ್ನು ಮುಚ್ಚಿದ ಕೂಡಲೇ ಅವರು ಕೈಹಾಕಿದ್ದು ಶಾಲೆಗಳ ಕೆಲಸಕ್ಕೆ.

1864ರಲ್ಲಿ ಅವರು ಎಲ್ಲ ಧರ್ಮಕೇಂದ್ರಗಳಿಗೂ ಒಂದು ಆಜ್ಞೆಯನ್ನು ಕಳುಹಿಸಿದರು. ಪ್ರತಿ ದೇವಾಲಯದ ಜೊತೆಗೆ ಒಂದು ಶಾಲೆ ಇರಲೇಬೇಕು. ತೆರೆಯದಿದ್ದರೆ ಆ ದೇವಾಲಯ ಶಿಸ್ತಿನ ಕ್ರಮಕ್ಕೆ ಗುರಿಯಾಗುವುದು. ಮಲೆಯಾಳದಲ್ಲಿ ಪಳ್ಳಿ ಎಂದರೆ ದೇವಾಲಯ, ಪಳ್ಳಿಕ್ಕೂಡಂ ಎಂದರೆ ಶಾಲೆ. ಮಾತಿನಲ್ಲಿ ಕೂಡಿಯೇ ಇದ್ದ ಈ ಎರಡನ್ನು ಅವರು ನೆಲದ ಮೇಲೆಯೂ ಕೂಡಿಸಿದರು. ಆ ಶಾಲೆಗಳು ದೊಡ್ಡವಾಗಿರಲಿಲ್ಲ. ದೇವಾಲಯದ ಅಂಗಳದಲ್ಲಿ ಒಂದು ಚಪ್ಪರ, ಒಬ್ಬ ಉಪಾಧ್ಯಾಯ, ಸುತ್ತಲಿನ ಮನೆಗಳ ಮಕ್ಕಳು. ಆದರೂ ಕೇರಳದಲ್ಲಿ ಅಕ್ಷರ ಜ್ಞಾನ ಹರಡಿದ ಚರಿತ್ರೆಯನ್ನು ಬರೆಯುವವರು ಈ ಚಪ್ಪರಗಳನ್ನು ಬಿಟ್ಟು ಬರೆಯುವಂತಿಲ್ಲ.

ಹೆಣ್ಣು ಮಕ್ಕಳ ವಿದ್ಯೆಯನ್ನೂ ಅವರು ಮರೆಯಲಿಲ್ಲ. ಕೂನಮ್ಮಾವಿನಲ್ಲಿ ಏಲೀಶ್ವ ಎಂಬ ವಿಧವೆ, ಅವರ ಮಗಳು ಅನ್ನ, ತಂಗಿ ತ್ರೇಸ್ಯ ಈ ಮೂವರು ಪ್ರಾರ್ಥನೆಯ ಜೀವನವನ್ನು ಬಯಸಿದ್ದರು. ಕಾರ್ಮೆಲ್ ಸಭೆಯ ಇಟಲಿಯ ಗುರುಗಳಾದ ಲೆಯೋಪೋಲ್ಡ್ ಬೆಕ್ಕಾರೊ ಸ್ವಾಮಿಗಳ ಜೊತೆಗೂಡಿ ಚಾವರರು 1866ರ ಫೆಬ್ರುವರಿ 13ರಂದು ಅಲ್ಲಿ ಕನ್ಯಾಮಠವನ್ನು ಆರಂಭಿಸಿದರು. ಈ ಮೂವರ ಜೊತೆಗೆ ಸುರಿಯಾನಿ ಕುಟುಂಬದ ಕ್ಲಾರ ಎಂಬ ಕನ್ಯೆಯೂ ಸೇರಿದರು. ಬಿದಿರಿನ ಚಾಪೆಯ ಗೋಡೆಗಳ ಗುಡಿಸಲೇ ಮೊದಲ ಮಠ. ತಾಯಿ, ಮಗಳು, ತಂಗಿ ಒಟ್ಟಾಗಿ ಕಟ್ಟಿದ ಆ ಗುಡಿಸಲಿನಿಂದ ಹೆಣ್ಣು ಮಕ್ಕಳಿಗೆ ಓದು, ಬರಹ, ಹೊಲಿಗೆ, ಧರ್ಮೋಪದೇಶಗಳು ದೊರೆಯತೊಡಗಿದವು.

ಕುಟುಂಬಗಳಿಗೆ ಬರೆದ ಪತ್ರ

ಶಾಲೆಯೇ ಎಲ್ಲವನ್ನೂ ಮಾಡಲಾರದೆಂದು ಶಾಲೆಗಳನ್ನು ಕಟ್ಟಿದವರಿಗೇ ಚೆನ್ನಾಗಿ ಗೊತ್ತು. 1868ರ ಫೆಬ್ರುವರಿ 13ರಂದು ಚಾವರರು ತಮ್ಮ ಹುಟ್ಟೂರಾದ ಕೈನಕರಿಯ ಕುಟುಂಬಗಳಿಗೆ ಒಂದು ದೀರ್ಘ ಪತ್ರವನ್ನು ಬರೆದರು. ಒಬ್ಬ ಒಳ್ಳೆಯ ತಂದೆಯ ಚಾವರುಳ್ ಎಂದು ಅದು ಪ್ರಸಿದ್ಧವಾಗಿದೆ. ಚಾವರುಳ್ ಎಂದರೆ ಸಾಯುವ ತಂದೆ ಮಕ್ಕಳಿಗೆ ಹೇಳಿಹೋಗುವ ಕೊನೆಯ ಮಾತು. ಮಕ್ಕಳಿಲ್ಲದ ಸನ್ಯಾಸಿ ಇಡೀ ಊರನ್ನೇ ಮಕ್ಕಳೆಂದು ಬಗೆದು ಮರಣಶಾಸನವನ್ನು ಬರೆದರು. ಅದರಲ್ಲಿ ಅವರು ಕೊಟ್ಟ ಆಸ್ತಿ ಬುದ್ಧಿವಾದ ಮಾತ್ರ.

ಪತ್ರದ ಸಾರವನ್ನು ನಮ್ಮ ಮಾತುಗಳಲ್ಲಿ ಹೇಳುವುದಾದರೆ ಹೀಗೆ. ಒಳ್ಳೆಯ ಕುಟುಂಬವು ಸ್ವರ್ಗದ ಪ್ರತಿಬಿಂಬ; ಮನೆಯಲ್ಲಿ ಶಾಂತಿಯಿಲ್ಲದಿದ್ದರೆ ಬೇರೆ ಯಾವುದಿದ್ದರೂ ವ್ಯರ್ಥ. ತಪ್ಪು ಮಾಡಿದವರನ್ನು ಕ್ಷಮಿಸಬೇಕು. ಅವಶ್ಯವಿಲ್ಲದೆ ಸಾಲ ಮಾಡಬಾರದು. ಆಡಂಬರ ತೋರಿಸಬಾರದು. ಸೋಮಾರಿತನದಿಂದ ಮನೆ ಮನೆ ತಿರುಗಬಾರದು. ಕೂಲಿಯವರ ಕೂಲಿಯನ್ನು ತಡೆಹಿಡಿಯಬಾರದು. ಬಾಗಿಲಿಗೆ ಬಂದ ಬಡವನನ್ನು ಬರಿಗೈಯಲ್ಲಿ ಕಳುಹಿಸಬಾರದು. ಸಂಜೆಯ ಪ್ರಾರ್ಥನೆ ಯಾರು ಬಂದರೂ ತಪ್ಪಬಾರದು. ಮನೆಯಲ್ಲಿ ಒಳ್ಳೆಯ ಪುಸ್ತಕಗಳಿರಬೇಕು, ಅವುಗಳನ್ನು ಓದಬೇಕು.

ಮಕ್ಕಳ ವಿಚಾರವಾಗಿ ಪತ್ರದ ಎರಡನೆಯ ಭಾಗವೇ ಇದೆ. ಮಕ್ಕಳು ದೇವರು ತಂದೆತಾಯಿಯರ ಕೈಯಲ್ಲಿಟ್ಟ ನಿಧಿ. ಅಂತ್ಯದಲ್ಲಿ ಅದರ ಲೆಕ್ಕವನ್ನು ಒಪ್ಪಿಸಬೇಕು. ಮಾತು ಬರುವಾಗಲೇ ಪವಿತ್ರ ನಾಮಗಳನ್ನು ಕಲಿಸಬೇಕು. ವಯಸ್ಸಾದ ಕೂಡಲೇ ಶಾಲೆಗೆ ಕಳುಹಿಸಬೇಕು. ಕಳುಹಿಸಿದರೆ ಕೆಲಸ ಮುಗಿಯಲಿಲ್ಲ. ಮಗು ಏನು ಕಲಿಯುತ್ತಿದೆ, ಯಾರ ಸ್ನೇಹ ಮಾಡುತ್ತಿದೆ ಎಂದು ವಿಚಾರಿಸಬೇಕು. ಭಾನುವಾರಗಳಲ್ಲಿ ಕಲಿತದ್ದನ್ನು ಪರೀಕ್ಷಿಸಬೇಕು. ಅತಿಯಾದ ಶಿಕ್ಷೆಯೂ ಬೇಡ, ಅತಿಯಾದ ಮುದ್ದೂ ಬೇಡ. ಪ್ರಾಪ್ತ ವಯಸ್ಸಿಗೆ ಬಂದಾಗ ಬಾಳಿನ ಹಾದಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮಕ್ಕಳಿಗೆ ಬಿಡಬೇಕು. ತಂದೆಗೆ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಆಸ್ತಿಯ ಪಾಲನ್ನು ನ್ಯಾಯವಾಗಿ ಮಾಡಿಡಬೇಕು. ಈ ಪತ್ರವನ್ನು ಜೋಪಾನವಾಗಿಟ್ಟು ತಿಂಗಳ ಮೊದಲ ಶನಿವಾರ ಎಲ್ಲರೂ ಸೇರಿ ಓದಬೇಕೆಂದೂ ಅವರು ಅಪ್ಪಣೆ ಮಾಡಿದ್ದರು.

ಶಾಲೆಗಳನ್ನು ತೆರೆಯಬೇಕೆಂಬ 1864ರ ಆಜ್ಞೆಯನ್ನೂ ಮನೆಗಳಿಗೆ ಬರೆದ 1868ರ ಪತ್ರವನ್ನೂ ನಾವು ಒಟ್ಟಿಗೆ ಓದಬೇಕು. ಮೊದಲನೆಯದು ಗುರುಗಳಿಗೆ: ಶಾಲೆ ಇಲ್ಲದ ದೇವಾಲಯ ಅಪೂರ್ಣ. ಎರಡನೆಯದು ತಂದೆತಾಯಿಯರಿಗೆ: ಮನೆಯ ಸಹಕಾರವಿಲ್ಲದ ಶಾಲೆಯೂ ಅಪೂರ್ಣ.

ಅದೇ ಕೈನಕರಿಯಲ್ಲಿ, ಊರಿನ ಜನರ ಕಾಣಿಕೆಯಿಂದ, ಅನಾಥರಿಗೂ ಮರಣಾಸನ್ನರಿಗೂ ಒಂದು ಆಶ್ರಯಧಾಮವನ್ನು ಅವರು ಏರ್ಪಡಿಸಿದರು. 1871ರ ಜನವರಿ 3ರಂದು ಕೂನಮ್ಮಾವಿನಲ್ಲಿ, ತಮ್ಮ 65ನೆಯ ವಯಸ್ಸಿನಲ್ಲಿ, ದೇವರ ಪಾದವನ್ನು ಸೇರಿದರು. 1889ರಲ್ಲಿ ಅವರ ಪವಿತ್ರ ಅವಶೇಷಗಳನ್ನು ಮಾನ್ನಾನಂಗೆ ತರಲಾಯಿತು. 1986ರ ಫೆಬ್ರುವರಿ 8ರಂದು ಕೋಟ್ಟಯಂನಲ್ಲಿ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಅವರನ್ನೂ ಅಲ್ಫೋನ್ಸಮ್ಮನವರನ್ನೂ ಪುನೀತರೆಂದು ಸಾರಿದರು. 2014ರ ನವೆಂಬರ್ 23ರಂದು ಫ್ರಾನ್ಸಿಸ್ ಜಗದ್ಗುರುಗಳು ಚಾವರರನ್ನೂ ಸಿಸ್ಟರ್ ಯೂಫ್ರೇಸಿಯರನ್ನೂ ಸಂತರ ಪಂಕ್ತಿಗೆ ಸೇರಿಸಿದರು. ಅವರ ಮಠದ ಕವಲು ನಮ್ಮ ಕರ್ನಾಟಕಕ್ಕೂ ಚಾಚಿತು. 1957ರಲ್ಲಿ ಬೆಂಗಳೂರಿನಲ್ಲಿ ಧರ್ಮಾರಾಮ್ ಗುರುಮಠ, 1969ರಲ್ಲಿ ಅದರ ಪಕ್ಕದಲ್ಲಿ ಕ್ರೈಸ್ಟ್ ಕಾಲೇಜು ನೆಲೆಯೂರಿದವು. ಚಪ್ಪರದ ಶಾಲೆಯ ವಂಶ ಅಷ್ಟು ದೊಡ್ಡದಾಗಿ ಬೆಳೆದಿದೆ.

ನಮ್ಮ ಶಾಲೆ, ನಮ್ಮ ಮನೆಗಳು

ಕೊಡಗಿನ ಕ್ರೈಸ್ತರ ಚರಿತ್ರೆಯೂ ಆಶ್ರಯದಿಂದಲೇ ಆರಂಭವಾಯಿತು. ಟಿಪ್ಪು ಸುಲ್ತಾನರ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ರಾಜ ದೊಡ್ಡ ವೀರರಾಜೇಂದ್ರರು 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆ ಕೊಟ್ಟರು. ಸಂತ ಅನ್ನಮ್ಮನವರ ದೇವಾಲಯ ಅಲ್ಲಿ ತಲೆಯೆತ್ತಿತು. ತರುವಾಯ ಕಾಫಿ ತೋಟಗಳ ಕೆಲಸಕ್ಕಾಗಿ ಹಲವು ಕಡೆಯ ಜನ ಈ ಬೆಟ್ಟಗಳಿಗೆ ಬಂದರು. ಬೇರೆ ಬೇರೆ ಮನೆಮಾತಿನ ನಮ್ಮ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡ ಕಲಿತದ್ದು ಇಂತಹ ಚಿಕ್ಕ ಶಾಲೆಗಳಲ್ಲಿಯೇ.

ಇಲ್ಲಿ ನಾವು ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅನೇಕ ವರ್ಷ ಶಾಲೆಗಳ ಆಡಳಿತ ನಮ್ಮ ಕೈಯಲ್ಲಿದ್ದಿತು. ಹಾಜರಿ, ಶುಲ್ಕ, ಇನ್ಸ್‌ಪೆಕ್ಟರರ ತಪಾಸಣೆ ಇವುಗಳನ್ನೇ ಶಾಲೆಯೆಂದು ತಿಳಿದಿದ್ದೆವು. ತಂದೆತಾಯಿಯರನ್ನು ಕರೆಯುತ್ತಿದ್ದುದು ಮಗು ತಪ್ಪು ಮಾಡಿದಾಗ, ಇಲ್ಲವೇ ಶುಲ್ಕ ಬಾಕಿಯಾದಾಗ. ಒಂದು ಜುಲೈ ತಿಂಗಳ ಬಿರುಮಳೆಯ ದಿನ ತೋಟದ ಲೈನ್ ಮನೆಯ ಒಬ್ಬ ತಾಯಿಯನ್ನು ಹೀಗೆಯೇ ಕರೆಸಿದೆವು. ಆಕೆ ಜಗುಲಿಯ ಕೆಳಗೆ ನೆನೆಯುತ್ತ ನಿಂತಿದ್ದರು. ಒಳಗೆ ಬರಲು ಅಂಜಿದರು. ಬಾಕಿಯ ಮಾತು ಮುಗಿದ ಮೇಲೆ ಸೆರಗಿನ ಮರೆಯಿಂದ ಒಂದು ಕಟ್ಟು ಕಣಿಲೆಯನ್ನು ತೆಗೆದು ಮೇಷ್ಟರುಗಳ ಮನೆಗೆಂದು ಮೇಜಿನ ಮೇಲಿಟ್ಟು ಹೋದರು. ನಾವು ಅದನ್ನು ಸಂಕೋಚದ ಕಾಣಿಕೆಯೆಂದು ತಿಳಿದು ಮರೆತೆವು. ಚಾವರರ ಚರಿತ್ರೆಯನ್ನು ಮತ್ತೆ ಓದುವಾಗ ಆ ಕಣಿಲೆಯ ಕಟ್ಟು ಕಣ್ಣಿಗೆ ಕಟ್ಟಿತು. ಅದು ಆಕೆಯ ಹಿಡಿ ಅಕ್ಕಿಯಾಗಿತ್ತು. ಶಾಲೆಯನ್ನು ತನ್ನದೆಂದು ಬಗೆಯಲು ಆಕೆ ಸಿದ್ಧರಿದ್ದರು. ಬಾಗಿಲಲ್ಲೇ ನಿಲ್ಲಿಸಿದವರು ನಾವು.

ಇಂದು ಕಾಲ ಬದಲಾಗಿದೆ. ಸರ್ಕಾರಿ ಶಾಲೆಗಳಲ್ಲಿಯೂ ಅನುದಾನಿತ ಶಾಲೆಗಳಲ್ಲಿಯೂ ಮಕ್ಕಳಿಗೆ ಬಿಸಿಯೂಟ ದೊರೆಯುತ್ತಿದೆ. ಅದು ಸಂತೋಷದ ಸಂಗತಿ. ಪೇಟೆಯ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರನ್ನೂ ನಾವು ದೂರುವುದಿಲ್ಲ. ಮಕ್ಕಳ ಏಳಿಗೆಯನ್ನು ಬಯಸುವುದು ಪಾಪವಲ್ಲ. ಆದರೆ ಕಳುಹಿಸಲು ಶಕ್ತಿಯಿಲ್ಲದವರ ಮಕ್ಕಳು ಉಳಿಯುವುದು ಇಲ್ಲಿಯೇ. ಈ ಶಾಲೆ ಮುಚ್ಚಿದರೆ ಬಸ್ಸಿನ ಹಣ ಕೊಡಲಾರದ ಲೈನ್ ಮನೆಯ ಮಗು ಮಳೆಗಾಲದಲ್ಲಿ ಎಷ್ಟು ದೂರ ನಡೆಯಬೇಕೆಂದು ಯೋಚಿಸಿ ನೋಡಿರಿ. ಅದು ನಡೆಯುವುದಿಲ್ಲ, ಶಾಲೆಯನ್ನೇ ಬಿಡುತ್ತದೆ.

ಆದುದರಿಂದ ದೊಡ್ಡ ದೇಣಿಗೆಯನ್ನು ಕೇಳುವ ಮೊದಲು ನಾವು ಪ್ರತಿ ಮನೆಯಿಂದ ಒಂದು ಹಿಡಿಯನ್ನು ಬೇಡುತ್ತೇವೆ. ಅದು ಅಕ್ಕಿಯೇ ಆಗಬೇಕಾಗಿಲ್ಲ. ಬಡಗಿಯಾದವರು ತಿಂಗಳಿಗೆ ಒಂದು ಮಧ್ಯಾಹ್ನ ಬಂದು ಮುರಿದ ಬೆಂಚನ್ನು ಸರಿಮಾಡಲಿ. ನಿವೃತ್ತರಾದ ಉಪಾಧ್ಯಾಯರು ವಾರಕ್ಕೆ ಒಂದು ಗಂಟೆ ಹಿಂದುಳಿದ ಮಕ್ಕಳಿಗೆ ಓದಿಸಲಿ. ಅಜ್ಜಿಯರು ಬಂದು ಕಥೆ ಹೇಳಲಿ. ತೋಟವುಳ್ಳವರು ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ಅಳತೆಯನ್ನು ಶಾಲೆಯ ಹೆಸರಿನಲ್ಲಿ ತೆಗೆದಿಡಲಿ. ಮಕ್ಕಳು ಯಾವ ಶಾಲೆಗೇ ಹೋಗಲಿ, ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ತಂದೆತಾಯಿಯರು ಅವರ ಪುಸ್ತಕವನ್ನು ಬಿಡಿಸಿ ನೋಡಲಿ. ಓದಲು ಬಾರದವರು ಮಗುವಿನಿಂದ ಓದಿಸಿ ಕೇಳಲಿ. ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ತಿಂಗಳ ಮೊದಲ ಶನಿವಾರ ಶಾಲೆಯ ಬಾಗಿಲು ತಂದೆತಾಯಿಯರಿಗಾಗಿ ತೆರೆದಿರುತ್ತದೆ. ಆ ದಿನ ಬಾಕಿಯ ಮಾತೂ ದೂರಿನ ಮಾತೂ ಇರುವುದಿಲ್ಲ. ಯಾರೂ ಜಗುಲಿಯ ಕೆಳಗೆ ನಿಲ್ಲಬೇಕಾಗಿಲ್ಲ.

ಪಾಲನಾ ಮಂಡಳಿ ಮತ್ತೆ ಸೇರಿದಾಗ ಉತ್ತರವನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಹುಡುಕುವುದು ಬೇಡ. ಎಷ್ಟು ಮನೆಗಳು ಈ ಶಾಲೆಯನ್ನು ತಮ್ಮದೆಂದು ನೆನೆಯುತ್ತಿವೆ ಎಂದು ಮೊದಲು ಎಣಿಸೋಣ. ಆ ಎಣಿಕೆ ಬೆಳೆದರೆ ಮಕ್ಕಳ ಎಣಿಕೆಯೂ ಬೆಳೆದೀತು. ಬೆಳೆಯದಿದ್ದರೆ, ನೂರು ವರ್ಷದ ದೇವಾಲಯ ನಮ್ಮದಾಗಿದ್ದರೂ ಚಾವರರ ಅಳತೆಯಲ್ಲಿ ಅದು ಅಪೂರ್ಣವೆಂದು ತಲೆತಗ್ಗಿಸಿ ಒಪ್ಪಿಕೊಳ್ಳಬೇಕಾಗುತ್ತದೆ.

ಪವಿತ್ರ ಕುಟುಂಬದ ಹೆಸರನ್ನು ಹೊತ್ತ ಸಂತ ಕುರಿಯಾಕೋಸ್ ಏಲಿಯಾಸರೇ, ನಮ್ಮ ಮನೆಗಳಿಗಾಗಿಯೂ ಈ ಪುಟ್ಟ ಶಾಲೆಗಾಗಿಯೂ ಪ್ರಾರ್ಥಿಸಿರಿ. ದೇವರು ನಿಮ್ಮೆಲ್ಲರನ್ನು ಹರಸಲಿ.